ಮಾತು ಕಲ್ಲಾಗುವ ಮುನ್ನ

ಈ ನಾಡಿನ ಎಳೆಯ ಗೆಳೆಯರೇ, ಗೆಳತಿಯರೇ,

ನೀವು ಬರುತ್ತಿದ್ದೀರಿ. ಐಟಿಐ ಮುಗಿಸಿ, ಡಿಪ್ಲೊಮಾ ಮುಗಿಸಿ, ಎಂಜಿನಿಯರಿಂಗ್, ಬಿಕಾಂ, ಎಂಬಿಎ ಮುಗಿಸಿ, ಅಂಕಪಟ್ಟಿಗಳ ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟುಕೊಂಡು, ಪೀಣ್ಯದ, ಬಿಡದಿಯ, ನಂಜನಗೂಡಿನ, ಹುಬ್ಬಳ್ಳಿಯ, ಬೆಳಗಾವಿಯ ಕಾರ್ಖಾನೆಗಳ ಗೇಟಿನ ಮುಂದೆ, ಗಾಜಿನ ಗೋಡೆಯ ಕಚೇರಿಗಳ ಲಿಫ್ಟಿನ ಮುಂದೆ ಬಂದು ನಿಲ್ಲುತ್ತಿದ್ದೀರಿ. ನಿಮ್ಮ ಹಿಂದೆ ಒಂದು ಮನೆಯ ಆಸೆ ಇದೆ. ನಿಮ್ಮ ಮುಂದೆ ಒಂದು ನಾಡಿನ ನಾಳೆ ಇದೆ.

ಲೇತ್ ಓಡಿಸುವುದನ್ನು ನಿಮಗೆ ಯಾರೋ ಕಲಿಸಿದರು. ಕೋಡ್ ಬರೆಯುವುದನ್ನು ಕಲಿಸಿದರು. ಬ್ಯಾಲೆನ್ಸ್ ಶೀಟ್ ಓದುವುದನ್ನು ಕಲಿಸಿದರು. ಆದರೆ ಪಕ್ಕದ ಮಷೀನಿನವನು ಮುಖ ಗಂಟಿಕ್ಕಿಕೊಂಡು ಮೂರು ದಿನ ಮಾತು ಬಿಟ್ಟರೆ ಏನು ಮಾಡಬೇಕು? ಮೇಲಧಿಕಾರಿ ಹತ್ತು ಜನರ ಎದುರು ಬೈದ ದಿನ ಆ ನೋವನ್ನು ಎಲ್ಲಿಗೆ ಒಯ್ಯಬೇಕು? ನಾಳೆ ನೀವೇ ಮೇಲಧಿಕಾರಿಯಾದಾಗ, ಕೈಕೆಳಗಿನ ಹುಡುಗಿಯೊಬ್ಬಳು ಸಿಟ್ಟಿನಿಂದ ಕಣ್ಣು ತುಂಬಿಕೊಂಡು ನಿಮ್ಮ ಮೇಜಿನ ಮುಂದೆ ನಿಂತರೆ ಮೊದಲ ಮಾತು ಯಾವುದಾಗಬೇಕು? ಇದನ್ನು ನಿಮಗೆ ಯಾರಾದರೂ ಕಲಿಸಿದರೇ?

ಯಾರೂ ಕಲಿಸಲಿಲ್ಲ. ನನಗೂ ಕಲಿಸಿರಲಿಲ್ಲ. ನನಗೆ ಅದನ್ನು ಕಲಿಸಿದ್ದು ಒಂದು ಅಗ್ಗದ ನೋಟ್‌ಬುಕ್ಕು.

ಪೀಣ್ಯದ ಒಂದು ಸಣ್ಣ ಮಷೀನ್ ಶಾಪಿನಲ್ಲಿ ನಾನು ಆಗಷ್ಟೇ ಸೂಪರ್‌ವೈಸರ್ ಆಗಿದ್ದೆ. ಒಂದು ಸಿಎನ್‌ಸಿ ಮಷೀನು, ಅದಕ್ಕೆ ಇಬ್ಬರು ಆಪರೇಟರುಗಳು. ಒಬ್ಬರು ಹಗಲು ಪಾಳಿ, ಒಬ್ಬರು ರಾತ್ರಿ ಪಾಳಿ. ಇಬ್ಬರ ಕೈಯೂ ಚಿನ್ನದಂಥದ್ದು. ಆದರೆ ಇಬ್ಬರ ನಡುವೆ ಮಾತಿಲ್ಲ. ದಿನ ಬೆಳಗಾದರೆ ಟ್ರೇಯಲ್ಲಿ ರಿಜೆಕ್ಷನ್ ಪೀಸುಗಳು. ಕೇಳಿದರೆ ಇವರು ಅವರ ಕಡೆ ಬೆರಳು ತೋರಿಸುವುದು, ಅವರು ಇವರ ಕಡೆ. ನಾನು ಹೊಸ ಹುರುಪಿನಲ್ಲಿ ಇಬ್ಬರಿಗೂ ಮೆಮೊ ಕೊಟ್ಟೆ. ಮರುದಿನ ರಿಜೆಕ್ಷನ್ ಇನ್ನೂ ಹೆಚ್ಚಾಯಿತು.

ಅಲ್ಲಿ ಒಬ್ಬ ಹಿರಿಯ ಫೋರ್‌ಮನ್ ಇದ್ದರು, ನಿವೃತ್ತಿಗೆ ಹತ್ತಿರವಾದವರು. ಅವರು ನನ್ನನ್ನು ಮಷೀನಿನ ಹತ್ತಿರ ಕರೆದುಕೊಂಡು ಹೋಗಿ ಕೇಳಿದರು. "ಮೆಮೊ ಬರೆದೆಯಲ್ಲಪ್ಪಾ, ಅವರನ್ನ ಕೇಳಿದೆಯಾ? ಅವರಿಬ್ಬರೂ ಒಂದೇ ಹೊತ್ತಲ್ಲಿ ಈ ಮಷೀನ್ ಮುಂದೆ ನಿಂತಿದ್ದನ್ನ ಒಂದು ದಿನಾನಾದರೂ ನೋಡಿದೀಯಾ?"

ನೋಡಿರಲಿಲ್ಲ. ನೋಡಿದಾಗ ಅರ್ಥವಾಯಿತು. ಹಗಲಿನವರು ಟೂಲಿನ ಇನ್ಸರ್ಟ್, ಅಂದರೆ ಕತ್ತರಿಸುವ ತುದಿ, ಸವೆದಂತೆಲ್ಲ ಸ್ವಲ್ಪ ಸ್ವಲ್ಪವೇ ಆಫ್‌ಸೆಟ್ (ಅಳತೆಯ ತಿದ್ದುಪಡಿ) ಕೊಡುತ್ತ ಅಳತೆ ಕಾಯ್ದುಕೊಳ್ಳುತ್ತಿದ್ದರು. ಪಾಳಿ ಮುಗಿದ ಕೂಡಲೇ ಬಸ್ಸಿಗೆ ಓಡುತ್ತಿದ್ದರು. ರಾತ್ರಿಯವರು ಬಂದು, ಸವೆದ ಇನ್ಸರ್ಟ್ ಕಂಡು ಹೊಸದು ಹಾಕುತ್ತಿದ್ದರು. ಆದರೆ ಹಗಲೆಲ್ಲ ಕೊಟ್ಟ ಆಫ್‌ಸೆಟ್ ಮಷೀನಿನಲ್ಲಿ ಹಾಗೇ ಕೂತಿರುತ್ತಿತ್ತು. ಹೊಸ ಇನ್ಸರ್ಟ್ ಬೇಕಾದ್ದಕ್ಕಿಂತ ಆಳಕ್ಕೆ ಇಳಿಯುತ್ತಿತ್ತು. ಪೀಸು ಸಣ್ಣದಾಗುತ್ತಿತ್ತು. ಸಣ್ಣದಾದ ಪೀಸಿಗೆ ಗುಜರಿಯೇ ಗತಿ. ತಪ್ಪು ಇವರದ್ದೂ ಆಗಿರಲಿಲ್ಲ, ಅವರದ್ದೂ ಆಗಿರಲಿಲ್ಲ. ಇಬ್ಬರ ನಡುವೆ ಆಡದೇ ಉಳಿದ ಒಂದು ಮಾತಿನದ್ದಾಗಿತ್ತು.

ಫೋರ್‌ಮನ್ ಮಾಡಿದ್ದು ಇಷ್ಟೇ. ಪಾಳಿ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ಒಟ್ಟಿಗಿರಬೇಕು, ಆ ಹತ್ತು ನಿಮಿಷಕ್ಕೂ ಸಂಬಳ ಉಂಟು, ಎರಡು ಟೀ ಕಂಪನಿ ಲೆಕ್ಕದಲ್ಲಿ. ಮಷೀನಿನ ಪಕ್ಕ ಒಂದು ನೋಟ್‌ಬುಕ್ಕು, ಅದರಲ್ಲಿ ಸ್ಕೇಲಿಟ್ಟು ಗೀಚಿದ ನಾಲ್ಕು ಕಾಲಂ. ಎಷ್ಟು ಪೀಸು, ಎಷ್ಟು ಆಫ್‌ಸೆಟ್, ಇನ್ಸರ್ಟ್ ಬದಲಿಸಿದ ಹೊತ್ತು. ನಾಲ್ಕನೆಯದಕ್ಕೆ ಅವರು ಇಟ್ಟ ಹೆಸರು, 'ಹೇಳಬೇಕಾದ್ದು'. ಮೊದಲ ದಿನಗಳಲ್ಲಿ ಆ ಕಾಲಂ ಖಾಲಿ. ಒಂದು ಬೆಳಿಗ್ಗೆ ಪುಟ ತಿರುಗಿಸಿದರೆ ಅಲ್ಲಿ ಬರೆದಿತ್ತು: "ಅಣ್ಣಾ, ಕೂಲೆಂಟ್ ಕಮ್ಮಿ ಆಗಿದೆ, ನೋಡ್ಕೊಳ್ಳಿ."

ಅಣ್ಣಾ! ತಿಂಗಳುಗಟ್ಟಲೆ ಮಾತು ಬಿಟ್ಟಿದ್ದವರು ಬರೆದ ಮೊದಲ ಪದ ಅದು. ಅಂದಿನಿಂದ ಟ್ರೇ ಖಾಲಿಯಾಗುತ್ತ ಬಂತು. ಹೊಸ ಮಷೀನು ಬರಲಿಲ್ಲ, ಹೊಸ ಆಪರೇಟರು ಬರಲಿಲ್ಲ, ಹೊಸ ಬಂಡವಾಳ ಬರಲಿಲ್ಲ. ಬಂದದ್ದು ಒಂದು ಮಾತು.

ಗೆಳೆಯರೇ, ನಾನು ಇಂದು ನಿಮಗೆ ಹೇಳಬೇಕಾದ್ದೆಲ್ಲ ಆ ನಾಲ್ಕನೇ ಕಾಲಂನಲ್ಲಿದೆ. ಕೆಲಸ ನಡೆಯುವ ಕಡೆ ಜಗಳ ಇದ್ದೇ ಇರುತ್ತದೆ. ಅದು ಉದ್ಯಮವನ್ನು ಕೊಲ್ಲುವುದಿಲ್ಲ. ಕೇಳದೆ ಬಿಟ್ಟ ಜಗಳ ಕೊಲ್ಲುತ್ತದೆ.

ಬೇರಿಂಗ್ ಸದ್ದು ಮಾಡಿದರೆ ನೀವೇನು ಮಾಡುತ್ತೀರಿ? ಬೇರಿಂಗಿಗೆ ಬೈಯುತ್ತೀರಾ? ಸದ್ದು ಕೇಳದಿರಲಿ ಎಂದು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀರಾ? ಮಷೀನು ನಿಲ್ಲಿಸುತ್ತೀರಿ, ಕಿವಿಗೊಟ್ಟು ಆಲಿಸುತ್ತೀರಿ, ಎಲ್ಲಿ ಗ್ರೀಸ್ ಒಣಗಿದೆ, ಎಲ್ಲಿ ಶಾಫ್ಟು ವಾಲಿದೆ ಎಂದು ಹುಡುಕುತ್ತೀರಿ. ಆ ಸದ್ದು ಮುಂದೆ ಬರಲಿರುವ ದೊಡ್ಡ ನಷ್ಟದ ಮುನ್ಸೂಚನೆ ಎಂದು ನಿಮಗೆ ಗೊತ್ತು. ಕಬ್ಬಿಣದ ಸದ್ದಿಗೆ ಇಷ್ಟು ಗೌರವ ಕೊಡುವ ನಾವು, ಮನುಷ್ಯನ ಸದ್ದಿಗೆ ಯಾಕೆ ಕೊಡುವುದಿಲ್ಲ? ಕ್ಯಾಂಟೀನಿನ ಮೂಲೆಯಲ್ಲಿ ಗೊಣಗುವವನನ್ನು 'ತರಲೆ' ಎಂದು ಯಾಕೆ ಕರೆಯುತ್ತೇವೆ? ಪ್ರಶ್ನೆ ಕೇಳಿದವಳನ್ನು 'ಜೋರು' ಎಂದು ಯಾಕೆ ತಳ್ಳುತ್ತೇವೆ? ಅವರು ನಮ್ಮ ಸಂಸ್ಥೆಯ ಬೇರಿಂಗಿನ ಸದ್ದು. ಅವರು ಸುಮ್ಮನಾದ ದಿನ ಭಯಪಡಿ.

ಕಿವಿಗೆ ಹತ್ತಿ ಇಟ್ಟುಕೊಂಡರೆ ಏನಾಗುತ್ತದೆ ಎಂಬುದನ್ನು ನಮ್ಮ ನಾಡು ಕಣ್ಣಾರೆ ನೋಡಿದೆ. 2020ರ ಡಿಸೆಂಬರ್ 12, ಶನಿವಾರ ಬೆಳಿಗ್ಗೆ. ಕೋಲಾರ ಜಿಲ್ಲೆಯ ನರಸಾಪುರ. ತೈವಾನಿನ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುತ್ತಿದ್ದ ಕಾರ್ಖಾನೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಸಾವಿರಾರು ಯುವ ಕೆಲಸಗಾರರ ಸಿಟ್ಟು ಒಡೆಯಿತು. ಗಾಜು ಪುಡಿಯಾಯಿತು, ವಾಹನಗಳು ಉರುಳಿದವು, ಬೆಂಕಿ ಎದ್ದಿತು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು.

ಆ ಸಿಟ್ಟು ಒಂದೇ ಬೆಳಿಗ್ಗೆ ಹುಟ್ಟಿತೇ? ಇಲ್ಲ. ಕಾರ್ಖಾನೆಗಳ ಇಲಾಖೆಯ ಪರಿಶೀಲನೆ ಹೊರಗೆ ತಂದ ಕತೆಯನ್ನು ಕೇಳಿ. ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ ಹತ್ತು ಸಾವಿರ ದಾಟಿತ್ತು. ಆದರೆ ಅಷ್ಟು ಜನರನ್ನು ನೋಡಿಕೊಳ್ಳಲು, ಕಾರ್ಮಿಕ ಕಾನೂನು ತಿಳಿದ ಸಿಬ್ಬಂದಿ ಸಾಕಷ್ಟು ಇರಲಿಲ್ಲ. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯಾಗಿತ್ತು, ಅದನ್ನು ಕೆಲಸಗಾರರಿಗೆ ಸರಿಯಾಗಿ ತಿಳಿಸಿರಲಿಲ್ಲ. ಹಾಜರಿಯ ಯಂತ್ರ ಕೆಟ್ಟಿತ್ತು. ಬಹುಪಾಲು ಹುಡುಗ ಹುಡುಗಿಯರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಸಂಬಳ ಕಡಿಮೆ ಬಂದಿದೆ ಎಂದು ಕೇಳಿದರೆ ಉತ್ತರಿಸಬೇಕಾದವರು ಯಾರು, ಕಂಪನಿಯೋ ಏಜೆನ್ಸಿಯೋ?

ಆ ಹುಡುಗರ ಜಾಗದಲ್ಲಿ ನಿಮ್ಮನ್ನು ಒಂದು ಗಳಿಗೆ ನಿಲ್ಲಿಸಿಕೊಳ್ಳಿ. ಹನ್ನೆರಡು ಗಂಟೆ ನಿಂತು ದುಡಿದು ಬಂದಿದ್ದೀರಿ. ಮೊಬೈಲಿಗೆ ಬ್ಯಾಂಕಿನ ಮೆಸೇಜು ಬರುತ್ತದೆ. ಲೆಕ್ಕ ಹಾಕಿದ್ದಕ್ಕಿಂತ ಕಡಿಮೆ. ಯಾರನ್ನು ಕೇಳುವುದು? ಕೇಳಿದರೆ ನಾಳೆ ಬಾ. ನಾಳೆ ಹೋದರೆ ಇನ್ನೊಬ್ಬರನ್ನು ಕೇಳು. ಇನ್ನೊಬ್ಬರನ್ನು ಕೇಳಿದರೆ ಮುಂದಿನ ತಿಂಗಳು ಸರಿಹೋಗುತ್ತದೆ. ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತ ಹೋದಾಗ, ಬಾಯಲ್ಲಿದ್ದ ಮಾತು ಕೈಗಿಳಿಯುತ್ತದೆ. ಕೈಗಿಳಿದ ಮಾತು ಕಲ್ಲಾಗುತ್ತದೆ.

ಕಲ್ಲು ಎಸೆದದ್ದು ತಪ್ಪು. ಅದನ್ನು ನಾನು ಒಂದಿನಿತೂ ಮುಚ್ಚಿಡದೆ ಹೇಳುತ್ತೇನೆ. ಆ ಕಲ್ಲು ಗಾಜನ್ನು ಒಡೆಯುವ ಮೊದಲು ಎಸೆದವರ ಬದುಕನ್ನೇ ಒಡೆಯಿತು. ಜೈಲಿನ ಮುಂದೆ ಕಾದು ನಿಂತದ್ದು ಅವರ ತಾಯಿ ತಂದೆಯರು. ಆದರೆ ಆ ಮಾತನ್ನು ಮಾತಾಗಿರುವಾಗಲೇ ಕೇಳದಿದ್ದದ್ದೂ ತಪ್ಪೇ. ಅದನ್ನು ಕಂಪನಿಯೇ ಒಪ್ಪಿಕೊಂಡಿತು. ಒಂದು ವಾರದಲ್ಲಿ ವಿಸ್ಟ್ರಾನ್, ಕೆಲವು ಕೆಲಸಗಾರರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ತಲುಪಿಲ್ಲ ಎಂದು ಬಹಿರಂಗವಾಗಿ ಹೇಳಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ದೂರು ಹೇಳಿಕೊಳ್ಳಲು ಕನ್ನಡದಲ್ಲೂ ಮಾತಾಡುವ ಸಹಾಯವಾಣಿ ಇಟ್ಟಿತು. ಎಲ್ಲ ಸರಿಯಾಗುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದು ಆಪಲ್ ಹೇಳಿತು. ಉತ್ಪಾದನೆ ವಾರಗಟ್ಟಲೆ ನಿಂತಿತು. ಪೊಲೀಸ್ ದೂರಿನಲ್ಲಿ 437 ಕೋಟಿ ರೂಪಾಯಿ ನಷ್ಟ ಎಂದು ಬರೆದಿದ್ದ ಕಂಪನಿ, ತೈವಾನಿನ ಷೇರುಪೇಟೆಗೆ ಅದಕ್ಕಿಂತ ಬಹಳ ಕಡಿಮೆ ಮೊತ್ತ ತಿಳಿಸಿತು. ಲೆಕ್ಕ ಎಷ್ಟೇ ಇರಲಿ, ಸಂಬಳದ ಚೀಟಿಯನ್ನು ಸರಿಮಾಡಲು ಬೇಕಿದ್ದ ಖರ್ಚು ಅದರ ಮುಂದೆ ಏನೇನೂ ಅಲ್ಲ.

ಸಹಾಯವಾಣಿ ಬಂತು. ಕ್ಷಮೆ ಬಂತು. ಆದರೆ ಬೆಂಕಿಯ ಬಳಿಕ ಬಂತು. ಅದೇ ಸಹಾಯವಾಣಿ ನವೆಂಬರಿನಲ್ಲೇ ಇದ್ದಿದ್ದರೆ? ಒಂದು ಫೋನು, ಆ ಕಡೆ ಕನ್ನಡ ಬಲ್ಲ ಒಂದು ಕಿವಿ, 'ನಿಮ್ಮ ಹಾಜರಿ ಸರಿಮಾಡಿದ್ದೇವೆ, ಬಾಕಿ ಇಂಥ ದಿನ ಬರುತ್ತದೆ' ಎನ್ನುವ ಒಂದು ಉತ್ತರ. ಅಷ್ಟಿದ್ದಿದ್ದರೆ?

ಆ ಕಾರ್ಖಾನೆ ಮತ್ತೆ ತೆರೆಯಿತು. 2023ರಲ್ಲಿ ಟಾಟಾ ಸಂಸ್ಥೆ ಅದನ್ನು ಕೊಂಡಿತು. ನಮ್ಮ ಹುಡುಗ ಹುಡುಗಿಯರು ಇಂದಿಗೂ ಅದರ ಗೇಟು ದಾಟಿ ಕೆಲಸಕ್ಕೆ ಹೋಗುತ್ತಾರೆ. ನರಸಾಪುರದ ಪಾಠ ಗೇಟಿನ ಹೊರಗೆ ಬಿದ್ದು ಹೋಗದಂತೆ ನೋಡಿಕೊಳ್ಳುವ ಹೊಣೆ ಈಗ ನಿಮ್ಮದು.

ಪ್ರತಿಯೊಂದು ಜಗಳವೂ ನರಸಾಪುರವಾಗುವುದಿಲ್ಲ, ನಿಜ. ಹೆಚ್ಚಿನವು ಸದ್ದಿಲ್ಲದೆ ತಿನ್ನುತ್ತವೆ, ಗೆದ್ದಲಿನ ಹಾಗೆ. ಹತ್ತು ವರ್ಷ ಅನುಭವವಿದ್ದ ಫಿಟ್ಟರ್ ಒಂದು ಸೋಮವಾರ ಬರುವುದಿಲ್ಲ. ಅವನ ಜತೆ, ಯಾವ ಪುಸ್ತಕದಲ್ಲೂ ಇಲ್ಲದ ಹತ್ತು ವರ್ಷದ ವಿದ್ಯೆ ಗೇಟು ದಾಟುತ್ತದೆ. ಹೊಸಬ ಬರುತ್ತಾನೆ, ಕಲಿಯುವ ತನಕ ಮಾಲು ಕೆಡುತ್ತದೆ, ಕೆಟ್ಟ ಮಾಲಿನಿಂದ ಗಿರಾಕಿ ಮುನಿಯುತ್ತಾನೆ, ಮುನಿದ ಗಿರಾಕಿ ಪಕ್ಕದ ಶೆಡ್ಡಿನ ಬಾಗಿಲು ತಟ್ಟುತ್ತಾನೆ. ಮಾಲೀಕರು ಮಾರುಕಟ್ಟೆ ಬಿದ್ದಿದೆ ಎನ್ನುತ್ತಾರೆ. ಮಾರುಕಟ್ಟೆ ಬಿದ್ದಿರಲಿಲ್ಲ. ಮಾತು ಬಿದ್ದಿತ್ತು.

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತ ನಮ್ಮ ಅಕ್ಕ ತಂಗಿಯರನ್ನು ನೆನೆಯಿರಿ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟು ತಲೆಯ ಮೇಲೆ, ತಡವಾದರೆ ಲೈನಿನ ತುಂಬ ಕೇಳುವಂಥ ಬೈಗುಳ. 2016ರ ಏಪ್ರಿಲ್‌ನಲ್ಲಿ ಅವರು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದರು. ಭವಿಷ್ಯನಿಧಿಯ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂಬ ನಿಯಮ ದೆಹಲಿಯಿಂದ ಬಂದಿತ್ತು. ಮಗಳ ಮದುವೆಗೆ, ಮಗನ ಫೀಸಿಗೆ ನೆಚ್ಚಿಕೊಂಡಿದ್ದ ಹಣ ಅದು. ನಿಯಮ ಬರೆಯುವ ಮುನ್ನ ಅವರನ್ನು ಯಾರೂ ಕೇಳಿರಲಿಲ್ಲ. ಎರಡು ದಿನ ಬೆಂಗಳೂರು ನಿಂತಿತು, ಬಸ್ಸುಗಳು ಸುಟ್ಟವು, ಏಪ್ರಿಲ್ 19ರಂದು ಕೇಂದ್ರ ಸರ್ಕಾರ ನಿಯಮವನ್ನು ವಾಪಸ್ ಪಡೆಯಿತು. ಕೊನೆಗೂ ಕೇಳಲೇಬೇಕಾಯಿತು. ಕೊನೆಗೆ ಕೇಳುವುದನ್ನು ಮೊದಲೇ ಕೇಳಿದರೆ ಏನು ಕಳೆದುಕೊಳ್ಳುತ್ತೇವೆ?

ಕೇಳಲು ಜಾಗವೇ ಇಲ್ಲ ಎನ್ನಬೇಡಿ. ಕಾನೂನು ಮೇಜು ಹಾಕಿಟ್ಟಿದೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಆಡಳಿತದವರು ಎಷ್ಟು ಮಂದಿಯೋ ಕೆಲಸಗಾರರೂ ಅಷ್ಟೇ ಮಂದಿ. ಬಂದ ದೂರನ್ನು ಮೂವತ್ತು ದಿನಗಳಲ್ಲಿ ಮುಗಿಸಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಯಾವುದೇ ಕೆಲಸದ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ಅದರ ಅಧ್ಯಕ್ಷೆ ಮಹಿಳೆಯೇ ಆಗಿರಬೇಕು. ಇದು ಮಾಲೀಕರ ದಯೆಯ ಮಾತಲ್ಲ, ನಿಮ್ಮ ಹಕ್ಕು.

ಮೇಜು ಇದೆ. ಕುರ್ಚಿಗಳು ಖಾಲಿ. ನೋಟಿಸ್ ಬೋರ್ಡಿನಲ್ಲಿ ಸಮಿತಿಯ ಹೆಸರುಗಳು ಹಳದಿಯಾಗಿ ಮಾಸಿವೆ. ಅದರಲ್ಲಿ ಇಬ್ಬರು ಎಂದೋ ಕೆಲಸ ಬಿಟ್ಟು ಹೋದವರು. ಆ ಕುರ್ಚಿಗಳಲ್ಲಿ ಕೂರಬೇಕಾದವರು ಯಾರು? ನೀವು. ಸೇರಿದ ಮೊದಲ ವಾರ ಕ್ಯಾಂಟೀನು ಎಲ್ಲಿ ಎಂದು ಕೇಳುತ್ತೀರಲ್ಲ, ಅದರ ಜತೆಗೇ ಕೇಳಿ: ನಮ್ಮ ಸಮಿತಿ ಎಲ್ಲಿದೆ? ಕೊನೆಯ ಸಭೆ ಯಾವಾಗ ನಡೆಯಿತು?

ಮೇಜಿನ ಆ ಬದಿ ಕೂತವನು ವೈರಿಯಲ್ಲವೇ ಎಂದು ನಿಮಗೆ ಅನ್ನಿಸಬಹುದು. ಹಾಗೆ ಅನ್ನಿಸಿದಾಗ 1918ರ ಅಹಮದಾಬಾದನ್ನು ನೆನೆಯಿರಿ.

ಪ್ಲೇಗು ಬಂದಾಗ ಕೆಲಸಗಾರರು ಊರು ಬಿಡದಿರಲೆಂದು ಗಿರಣಿ ಮಾಲೀಕರು ದೊಡ್ಡ ಬೋನಸ್ ಕೊಡುತ್ತಿದ್ದರು. ಪ್ಲೇಗು ಇಳಿಯಿತು, ಬೋನಸ್ ನಿಂತಿತು. ಆದರೆ ಯುದ್ಧಕಾಲದ ಬೆಲೆಗಳು ಇಳಿಯಲಿಲ್ಲ. ಕೆಲಸಗಾರರು ಸಂಬಳದಲ್ಲಿ ಶೇಕಡ 50 ಹೆಚ್ಚಳ ಕೇಳಿದರು. ಮಾಲೀಕರು 20 ಎಂದರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೆಲಸಗಾರರ ಪರ ನಿಂತವರು ಅನಸೂಯಾ ಸಾರಾಭಾಯಿ. ಅಂಬಾಲಾಲರ ಒಡಹುಟ್ಟಿದ ಅಕ್ಕ. ತಮ್ಮನ ಗಿರಣಿಯ ಮುಂದೆ ಅಕ್ಕನ ಹೋರಾಟ! ಗಾಂಧೀಜಿ ನಡುವೆ ಬಂದು, ಲೆಕ್ಕಪತ್ರ ತರಿಸಿ, ಬೆಲೆ ನೋಡಿ, ಲಾಭ ನೋಡಿ, 35 ನ್ಯಾಯ ಎಂದರು. 50 ಕೇಳಿದ್ದ ಕೆಲಸಗಾರರು ಮೊದಲು ತಾವೇ ಇಳಿದು 35ಕ್ಕೆ ಒಪ್ಪಿದರು. ಇದನ್ನು ಗಮನಿಸಿ. ನ್ಯಾಯ ಕೇಳುವವನು ಮೊದಲು ತನ್ನ ಬೇಡಿಕೆಯನ್ನೇ ತಕ್ಕಡಿಗೆ ಹಾಕಿದ.

ಫೆಬ್ರುವರಿ 22ರಂದು ಗಿರಣಿಗಳ ಬಾಗಿಲು ಮುಚ್ಚಿತು. ದಿನವೂ ಸಂಜೆ ಸಾಬರಮತಿಯ ದಡದಲ್ಲಿ ಜಾಲಿ ಮರದ ಕೆಳಗೆ ಸಾವಿರಾರು ಕೆಲಸಗಾರರು ಸೇರುತ್ತಿದ್ದರು. ಹಿಂಸೆ ಮಾಡುವುದಿಲ್ಲ, ಕೆಲಸಕ್ಕೆ ಹೋಗುವವರನ್ನು ತಡೆಯುವುದಿಲ್ಲ, ಭಿಕ್ಷೆಗೆ ಕೈಚಾಚುವುದಿಲ್ಲ ಎಂಬ ಕಟ್ಟುಪಾಡು. ದಿನಗಳು ಕಳೆದವು, ಹಸಿವು ಬಂತು, ಪ್ರತಿಜ್ಞೆ ಸಡಿಲವಾಗತೊಡಗಿತು. ಮಾರ್ಚ್ 15ರಂದು ಗಾಂಧೀಜಿ ಉಪವಾಸ ಕೂತರು. 18ರಂದು ಎರಡೂ ಕಡೆಯವರು ಪಂಚಾಯಿತಿಗೆ ಒಪ್ಪಿದರು. ಆನಂದಶಂಕರ ಧ್ರುವ ಎಂಬ ವಿದ್ವಾಂಸರು ಪಂಚರಾದರು. ಅವರ ತೀರ್ಪು 35ಕ್ಕೇ ಬಂದು ನಿಂತಿತು. ತಮ್ಮ ಉಪವಾಸ ಮಾಲೀಕರ ಮೇಲೆ ಒತ್ತಡ ತಂದಿತೆಂಬ ಕೊರಗನ್ನೂ ಗಾಂಧೀಜಿ ಮುಚ್ಚಿಡಲಿಲ್ಲ.

ಎರಡು ವರ್ಷಗಳ ಬಳಿಕ, 1920ರಲ್ಲಿ ಹುಟ್ಟಿತು ಮಜೂರ್ ಮಹಾಜನ್, ಅಹಮದಾಬಾದಿನ ಗಿರಣಿ ಕಾರ್ಮಿಕರ ಸಂಘ. ಮೊದಲು ಮಾತುಕತೆ, ಮಾತು ಮುರಿದರೆ ಪಂಚಾಯಿತಿ, ಮುಷ್ಕರ ಕಟ್ಟಕಡೆಗೆ. ಅದು ಅವರು ಹಿಡಿದ ದಾರಿ. ಅಕ್ಕ ತಮ್ಮನನ್ನು ದ್ವೇಷಿಸಲಿಲ್ಲ. ತಮ್ಮ ಅಕ್ಕನ ಮೇಲೆ ಬಾಗಿಲು ಹಾಕಲಿಲ್ಲ. ಇಬ್ಬರೂ ತಮ್ಮ ಪಟ್ಟು ಬಿಡಲಿಲ್ಲ, ಸಂಬಂಧವನ್ನೂ ಬಿಡಲಿಲ್ಲ. ಮನೆಯೊಳಗಿನವರೇ ಮೇಜಿನ ಎರಡು ಬದಿಯಲ್ಲಿ ಹಾಗೆ ಕೂರಬಲ್ಲರಾದರೆ, ಒಂದೇ ಗೇಟಿನೊಳಗೆ ಅನ್ನ ದುಡಿಯುವ ನಾವು ಕೂರಲಾರೆವೇ?

ಜಗಳ ಬರೀ ಮಾಲೀಕ ಕೆಲಸಗಾರರ ನಡುವೆ ಹುಟ್ಟುತ್ತದೆಂದು ತಿಳಿಯಬೇಡಿ. ನಿಮ್ಮಲ್ಲಿ ಎಷ್ಟೋ ಮಂದಿ ನಾಳೆ ಗೆಳೆಯರ ಜತೆ ಸೇರಿ ಸ್ವಂತ ಕಂಪನಿ ಕಟ್ಟುತ್ತೀರಿ. ಅಲ್ಲಿ ಜಗಳ ಹುಟ್ಟುವುದು ಪ್ರಾಣಸ್ನೇಹಿತರ ನಡುವೆಯೇ. ಇನ್ಫೋಸಿಸ್ 1981ರಲ್ಲಿ ಹತ್ತು ಸಾವಿರ ರೂಪಾಯಿಯಿಂದ ಶುರುವಾದದ್ದು ನಿಮಗೆಲ್ಲ ಗೊತ್ತು. ಒಂಬತ್ತು ವರ್ಷ ದುಡಿದ ಮೇಲೆ, 1990ರಲ್ಲಿ, ಅದೇ ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಮಾರಿಬಿಡುವ ಮಾತು ಬಂದಿತ್ತೆಂಬುದು ನಿಮಗೆ ಗೊತ್ತೇ? ಸ್ಥಾಪಕರು ಬೆಂಗಳೂರಿನ ಸಣ್ಣ ಕಚೇರಿಯಲ್ಲಿ ಸೇರಿದರು. ಕಷ್ಟಗಳನ್ನು ಒಬ್ಬೊಬ್ಬರಾಗಿ ಬಿಚ್ಚಿಟ್ಟರು. ಎಲ್ಲರ ಮಾತು ಮುಗಿದ ಮೇಲೆ ನಾರಾಯಣ ಮೂರ್ತಿ, ನೀವೆಲ್ಲ ಮಾರುವುದಾದರೆ ನಿಮ್ಮ ಪಾಲನ್ನು ನಾನೇ ಕೊಳ್ಳುತ್ತೇನೆ ಎಂಬ ಅರ್ಥದ ಮಾತಾಡಿದರು. ಕೋಣೆ ಮೌನವಾಯಿತು. ಮತ್ತೆ ಮಾತು ನಡೆಯಿತು. ಕೊನೆಗೆ ಯಾರೂ ಮಾರಲಿಲ್ಲ, ಎಲ್ಲರೂ ಉಳಿದರು. ಮುಂದಿನ ಕತೆಯನ್ನು ಜಗತ್ತು ಬಲ್ಲದು.

ಆ ದಿನ ಆ ಭಿನ್ನಾಭಿಪ್ರಾಯ ಕೋಣೆಯೊಳಗೆ ಬಾರದೆ, ಬೆನ್ನ ಹಿಂದಿನ ಪಿಸುಮಾತಾಗಿ ಉಳಿದಿದ್ದರೆ? ಕಂಪನಿ ಕಟ್ಟುವ ಗೆಳೆಯರೇ, ಪಾಲು ಎಷ್ಟು, ಕೆಲಸ ಯಾರದು, ಬಿಟ್ಟು ಹೋಗುವವನಿಗೆ ಏನು, ಕೊನೆಯ ಮಾತು ಯಾರದು, ಇದನ್ನೆಲ್ಲ ಸ್ನೇಹ ಗಟ್ಟಿಯಾಗಿರುವಾಗಲೇ ಕಾಗದದಲ್ಲಿ ಬರೆಯಿರಿ. ಬರೆದರೆ ಸ್ನೇಹಕ್ಕೆ ಅವಮಾನ ಎಂದುಕೊಳ್ಳಬೇಡಿ. ಬರೆಯದೆ ಸತ್ತ ಸ್ನೇಹಗಳು ಎಷ್ಟೋ ಇವೆ.

ಈ ವಿದ್ಯೆ ನಮಗೆ ಹೊಸದೇ? ಎಲ್ಲಿಂದಲೋ ಆಮದು ಮಾಡಿಕೊಳ್ಳಬೇಕೇ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗ, ಮಡಿವಾಳ, ಸಮಗಾರ, ಹಗ್ಗ ಹೊಸೆಯುವವ, ಮಂತ್ರಿ, ಎಲ್ಲರೂ ಒಂದೇ ನೆಲದ ಮೇಲೆ ಕೂತು ಒಬ್ಬರನ್ನೊಬ್ಬರು ಪ್ರಶ್ನಿಸಿದ ನಾಡು ಇದು. ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ದಿನದ ಅಗತ್ಯಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅವನನ್ನು ತಡೆದು ನಿಲ್ಲಿಸಿದಳು. ಇಷ್ಟು ಯಾಕೆ ತಂದೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಮಾರಯ್ಯ ಸಿಟ್ಟಾಗಲಿಲ್ಲ. ಸುರಿದು ಬಂದ. ಹೇಳುವ ಧೈರ್ಯ ಒಂದು ಕಡೆ, ಕೇಳುವ ದೊಡ್ಡತನ ಇನ್ನೊಂದು ಕಡೆ. ಯಾವ ಮ್ಯಾನೇಜ್‌ಮೆಂಟ್ ಪಾಠ ಇದಕ್ಕಿಂತ ದೊಡ್ಡದು? ಕಾಯಕ ಎಂಬ ಪದವನ್ನು ಕೊಟ್ಟ ನಾಡಿನ ಮಕ್ಕಳು ನೀವು. ಕಾಯಕದ ಜಾಗದಲ್ಲಿ ನ್ಯಾಯದ ಮಾತು ನಡೆಯುವಂತೆ ನೋಡಿಕೊಳ್ಳುವುದು ಆ ಪದದ ಋಣ.

'ಮಾತು ಬಲ್ಲವನಿಗೆ ಜಗಳವಿಲ್ಲ' ಎಂದರು ಹಿರಿಯರು. ಮಾತು ಬಲ್ಲವನು ಎಂದರೆ ಚೆನ್ನಾಗಿ ಭಾಷಣ ಮಾಡುವವನೇ? ನನ್ನ ಮಟ್ಟಿಗೆ, ಮಾತು ಬಲ್ಲವನು ಎಂದರೆ ಎದುರಿನವನ ಮಾತು ಮುಗಿಯುವ ತನಕ ಕಾಯಬಲ್ಲವನು.

ಹಾಗಾದರೆ ನಾಳೆ ಬೆಳಿಗ್ಗೆ ಏನು ಮಾಡುವುದು?

ನೀವು ಕೈಕೆಳಗಿನವರಾಗಿದ್ದರೆ, ನಿಮ್ಮ ದೂರನ್ನು ಕ್ಯಾಂಟೀನಿನಲ್ಲಿ ಹಂಚಬೇಡಿ, ಅದನ್ನು ಬಗೆಹರಿಸಬಲ್ಲವರ ಮುಂದೆ ಇಡಿ. 'ಯಾವಾಗಲೂ ಹೀಗೇ ಮಾಡ್ತೀರಿ' ಎನ್ನಬೇಡಿ, 'ಹೋದ ಮಂಗಳವಾರ ನನ್ನ ಓಟಿ ಎರಡು ಗಂಟೆ ಹಾಜರಿಯಲ್ಲಿ ಬಂದಿಲ್ಲ ಸಾರ್' ಎನ್ನಿ. ದಿನ, ಹೊತ್ತು, ಲೆಕ್ಕ ಇರಲಿ. ಲೆಕ್ಕವಿರುವ ಮಾತನ್ನು ತಳ್ಳುವುದು ಕಷ್ಟ. ಒಬ್ಬರೇ ಹೇಳಲು ಅಂಜಿಕೆಯಾದರೆ ನಾಲ್ವರು ಸೇರಿ ಹೇಳಿ, ಸಂಘದ ಮೂಲಕ ಹೇಳಿ, ಬರೆದು ಸಹಿ ಹಾಕಿ ಕೊಡಿ. ಆದರೆ ಹೇಳಿ. ನುಂಗಬೇಡಿ. ನುಂಗಿದ ಮಾತು ಜೀರ್ಣವಾಗುವುದಿಲ್ಲ.

ನೀವು ಮೇಲಿನವರಾಗಿದ್ದರೆ, ಹೊಗಳುವುದನ್ನು ಹತ್ತು ಜನರ ಎದುರು ಮಾಡಿ, ತಿದ್ದುವುದನ್ನು ಒಬ್ಬರೇ ಇರುವಾಗ ಮಾಡಿ. ಇಬ್ಬರು ಜಗಳವಾಡಿದರೆ ಇಬ್ಬರ ಕತೆಯನ್ನೂ ಕೇಳುವ ಮುನ್ನ ತೀರ್ಪು ಬೇಡ. ನಾನು ಕೊಟ್ಟ ಮೆಮೊ ನಿಮ್ಮ ಕೈಯಿಂದ ಹೊರಡದಿರಲಿ. ದೂರು ಬಂದರೆ ದಿನ ಹೇಳಿ, ಆ ದಿನ ಉತ್ತರ ಕೊಡಿ. ಉತ್ತರ 'ಆಗುವುದಿಲ್ಲ' ಎಂದಿದ್ದರೂ ಕೊಡಿ, ಯಾಕೆ ಆಗುವುದಿಲ್ಲ ಎಂಬುದನ್ನೂ ಕೊಡಿ. ಕಾರಣ ಸಿಕ್ಕ ಮನುಷ್ಯ ಇಲ್ಲವನ್ನೂ ತಾಳಿಕೊಳ್ಳುತ್ತಾನೆ. ಉತ್ತರವೇ ಸಿಗದ ಮನುಷ್ಯ ಹೌದನ್ನೂ ನಂಬುವುದಿಲ್ಲ.

ನಿಮ್ಮ ಪಕ್ಕದ ಮಷೀನಿನಲ್ಲಿ ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಹುಡುಗನಿದ್ದರೆ, ಅವನಿಗೆ ನಮ್ಮ ಭಾಷೆ ಬಾರದು. ದೂರು ಹೇಳಲು ಭಾಷೆಯೇ ಇಲ್ಲದವನ ನೋವನ್ನು ಊಹಿಸಿ. ಅವನಿಗೆ ದಿನಕ್ಕೆ ನಾಲ್ಕು ಕನ್ನಡ ಪದ ಕಲಿಸಿ. ಅವನ ಭಾಷೆಯ ಎರಡು ಪದ ನೀವೂ ಕಲಿಯಿರಿ. 'ಊಟ ಆಯ್ತಾ' ಎಂದು ಕೇಳಿ ಶುರುಮಾಡಿ. ನಮ್ಮೂರಿನಲ್ಲಿ ಎಷ್ಟು ಮುನಿಸುಗಳು ಆ ಎರಡು ಪದಕ್ಕೆ ಕರಗಿಲ್ಲ!

ಇಷ್ಟೆಲ್ಲ ಯಾಕೆ ಎನ್ನುತ್ತೀರಾ? ಈ ನಾಡಿಗೆ ಬಂಡವಾಳ ಬರುತ್ತಿದೆ, ಹೊಸ ಕಾರ್ಖಾನೆಗಳು ಏಳುತ್ತಿವೆ, ಹೊಲವಿದ್ದ ಕಡೆ ಶೆಡ್ಡುಗಳು ನಿಲ್ಲುತ್ತಿವೆ. ಆ ಹೊಲ ಕೊಟ್ಟವರು ನಮ್ಮ ರೈತರು. ಆ ಶೆಡ್ಡಿನೊಳಗೆ ದುಡಿಯಬೇಕಾದವರು ಅವರ ಮಕ್ಕಳು. ಅಲ್ಲಿ ಬೆಳೆಯಬೇಕಾದದ್ದು ಬರೀ ಲಾಭವೇ? ಹೊಲದಲ್ಲಿ ನೀರಿನ ಪಾಳಿಗೆ ಜಗಳವಾದರೆ ಊರ ಕಟ್ಟೆಯ ಮೇಲೆ ಕೂತು ಮಾತಾಡಿದವರು ನಮ್ಮ ಅಜ್ಜಂದಿರು. ಹೊಲ ಹೋದ ಜಾಗದಲ್ಲಿ ಕಟ್ಟೆಯೂ ಹೋಗಬಾರದು. ಆ ಕಟ್ಟೆಯನ್ನು ಕಾರ್ಖಾನೆಯೊಳಗೆ, ಕಚೇರಿಯೊಳಗೆ, ನೀವು ಕಟ್ಟುವ ಪ್ರತಿ ಕಂಪನಿಯೊಳಗೆ ಮತ್ತೆ ಕಟ್ಟಬೇಕು. ಕಟ್ಟುವವರು ಯಾರು? ಎಲ್ಲೋ ಇರುವ ದೊಡ್ಡವರಲ್ಲ. ನೀವು. ನಾವು. ಒಟ್ಟಿಗೆ.

ನಿಮ್ಮಲ್ಲಿ ಕಸುವಿದೆ, ಕೌಶಲವಿದೆ, ಕನಸಿದೆ. ಅನ್ಯಾಯ ಕಂಡರೆ ಕುದಿಯುವ ರಕ್ತವೂ ಇದೆ. ಅದು ಆರದಿರಲಿ. ಆದರೆ ಕುದಿಯುವ ನೀರು ಉಕ್ಕಿ ಒಲೆಯನ್ನೇ ಆರಿಸಬಲ್ಲದು, ಪಾತ್ರೆಯೊಳಗೆ ನಿಂತರೆ ಅನ್ನ ಬೇಯಿಸಬಲ್ಲದು. ಮಾತು ಆ ಪಾತ್ರೆ.

ಮೊದಲ ಸಂಬಳದಲ್ಲಿ ಅಮ್ಮನಿಗೊಂದು ಸೀರೆ ಕೊಳ್ಳಿ. ಅದರ ಜತೆ ಒಂದು ನೋಟ್‌ಬುಕ್ಕನ್ನೂ ಕೊಳ್ಳಿ. ನಿಮ್ಮ ಮಷೀನಿನ ಪಕ್ಕದಲ್ಲೋ ಮೇಜಿನ ಮೇಲೋ ಇಡಿ. ಸ್ಕೇಲಿಟ್ಟು ಗೆರೆ ಎಳೆಯಿರಿ. ಬೇರೆ ಕಾಲಂಗಳಿಗೆ ನಿಮ್ಮ ಕೆಲಸಕ್ಕೆ ತಕ್ಕ ಹೆಸರು ಕೊಡಿ. ಕೊನೆಯದಕ್ಕೆ ಮಾತ್ರ ಆ ಹಿರಿಯರು ಇಟ್ಟ ಹೆಸರೇ ಇರಲಿ.

ಹೇಳಬೇಕಾದ್ದು.

ಅದು ಖಾಲಿ ಇದ್ದಷ್ಟು ದಿನ ಕಾಯಿರಿ. ತುಂಬಿದ ದಿನ, ಕೈಯಲ್ಲಿರುವ ಕೆಲಸ ಬಿಟ್ಟು ಓದಿ.